ಒಂದನೇ ಎದುರುದಾರ

“ಇಲ್ಲಿಂದ ಮುಂದಕ್ಕೆ ನೀವು ಬರೋದು ಬೇಡ, ಸುನೀಲ್,” ಎಂದರು ವಕೀಲ ವಿರೂಪಾಕ್ಷ. “ಮಗೂನ ನಿಮ್ಮ ತಂದೆ ಕೈಗೆ ಕೊಡಿ.”

ಹುಣಸೂರು ಕೋರ್ಟಿನ ಮೆಟ್ಟಿಲ ಬುಡದಲ್ಲಿ ಸುನೀಲ್‌ಕುಮಾರ್ ಮಗಳನ್ನು ಎತ್ತಿಕೊಂಡು ನಿಂತಿದ್ದ. ಒಂಬತ್ತು ವರ್ಷದ ಸಂಘಮಿತ್ರ ಅವನ ಕೊರಳಿಗೆ ಎರಡೂ ಕೈ ಹಾಕಿಕೊಂಡು, ಕರಿ ಕೋಟು ತೊಟ್ಟು ಓಡಾಡುವವರನ್ನು ಅವನ ಹೆಗಲ ಮೇಲಿನಿಂದ ಬೆರಗಾಗಿ ನೋಡುತ್ತಿದ್ದಳು. ಸೊಂಟದ ಕೆಳಗೆ ಅವಳಿಗೆ ಸ್ವಾಧೀನವಿರಲಿಲ್ಲ.

“ಮೇಲ್ಗಂಟ ಬುಟ್ಟು ಬಂದ್ಬುಡ್ತೀನಿ ಸಾ,” ಎಂದ ಸುನೀಲ. “ಇವಳ್ನ ಎತ್ಕಂಡು ಮೆಟ್ಲು ಅತ್ತಕ್ಕೆ ನಮ್ಮಪ್ಪನ ಕೈಲಾಗಕಿಲ್ಲ.”

“ಸ್ವಲ್ಪ ಅರ್ಥ ಮಾಡ್ಕೊಳ್ಳಿ. ಕೇಸಿನಲ್ಲಿ ನಿಮ್ಮ ಮಗಳು ಅರ್ಜಿದಾರಳು, ನೀವು ಒಂದನೇ ಎದುರುದಾರ, ಇನ್ಶೂರೆನ್ಸ್ ಕಂಪನಿ ಎರಡನೇದು. ಎದುರುದಾರನೇ ಅರ್ಜಿದಾರಳನ್ನ ಎತ್ಕೊಂಡು ಬಂದ್ರೆ, ಇವರೆಲ್ಲ ಸೇರ್ಕೊಂಡು ಆಟ ಕಟ್ಟಿದಾರೆ ಅನ್ನೋಕೆ ಕಂಪನಿ ವಕೀಲರಿಗೆ ಅಷ್ಟೇ ಸಾಕು.”

ಸುನೀಲನ ತಂದೆ ಅಂಕಯ್ಯ ಹೆಗಲ ಮೇಲಿನ ಟವೆಲ್ಲನ್ನು ತಲೆಗೆ ಸುತ್ತಿಕೊಂಡು ಕೈ ಚಾಚಿದ. ಅರವತ್ತೈದು ದಾಟಿದ ಮುದುಕ, ಎಮ್ಮೆಕರುವನ್ನು ಹೊರುವವನಂತೆ ಕಾಲು ಅಗಲಿಸಿ ನಿಂತು ಮೊಮ್ಮಗಳನ್ನು ತೆಗೆದುಕೊಂಡ. ಅಂಗಿಯ ಕಾಲರು ಮಗಳ ಹಿಡಿಯಿಂದ ಬಿಡಿಸಿಕೊಳ್ಳುವುದು ಸುನೀಲನಿಗೆ ಸ್ವಲ್ಪ ತಡವಾಯಿತು.

“ನೀನೆಲ್ಲಿರ್ತೀಯಪ್ಪ?” ಎಂದಳು ಸಂಘಮಿತ್ರ.

“ಇಲ್ಲೇ, ಗೇಟತ್ರ ಟೀ ಅಂಗ್ಡೀಲಿ. ಓಗಿದ್ದು ಬಾ.”

ನೀರಿನ ಬಾಟಲು, ಮಗುವಿನ ಬಟ್ಟೆ, ಎಕ್ಸ್‌ರೇ ಕವರುಗಳ ಚೀಲ ಹಿಡಿದು ಹಿಂದೆ ನಿಂತಿದ್ದ ಲಕ್ಷ್ಮಿದೇವಿ ಗಂಡನ ಮುಖ ನೋಡಿದಳು. ಅವನು ಹತ್ತಿರ ಬಂದು, ಬೇರೆ ಯಾರಿಗೂ ಕೇಳದ ಹಾಗೆ ಹೇಳಿದ: “ನೀನು ಅಂಜ್ಕಂಡು ಮೆತ್ತಗೆ ಮಾತಾಡ್ಬುಡಬ್ಯಾಡ. ಗಟ್ಟಿಯಾಗಿ ಏಳು. ನನ್ ಬಗ್ಗೆ ಯೋಚ್ನೆ ಮಾಡಬ್ಯಾಡ.”

ಹಿಂದಿನ ವರ್ಷ ಚಳಿಗಾಲದ ಒಂದು ಸಂಜೆ ಅವರು ಮೂವರೂ ಗುರುಪುರದ ಹತ್ತಿರದ ಲಕ್ಷ್ಮಿಯ ತವರಿನಿಂದ ಬೈಕಿನಲ್ಲಿ ವಾಪಸು ಬರುತ್ತಿದ್ದರು. ಬಿಳಿಕೆರೆಯ ಆಚೆಗಿನ ತಮ್ಮ ಊರನ್ನು ಕತ್ತಲಾಗುವ ಮೊದಲು ಸೇರಿಕೊಳ್ಳಬಹುದಿತ್ತು. ಮಗು ಮಧ್ಯೆ ಕೂತಿತ್ತು. ಮಗು ಕೂತರೆ ಸುನೀಲ ಬೈಕನ್ನು ಎತ್ತಿನಗಾಡಿಯ ಹಾಗೆ ಓಡಿಸುತ್ತಿದ್ದ. ಹಾಲಿನ ಕ್ಯಾನು ಹೇರಿಕೊಂಡ ಹಳೆಯ ಟಿವಿಎಸ್ ಒಂದು ಅವರನ್ನು ಹಿಂದೆ ಹಾಕಿ ಹೋದಾಗ ಲಕ್ಷ್ಮಿ ನಕ್ಕಿದ್ದಳು. ಲಂಟಾನದ ಪೊದೆ ರಸ್ತೆಗೇ ಬಾಗಿದ್ದ ಒಂದು ತಿರುವಿನಲ್ಲಿ ಕಾಡುಹಂದಿಯೊಂದು ಮರಿಗಳ ಸಾಲನ್ನು ಕರೆದುಕೊಂಡು ದಾರಿಗೆ ಬಂತು. ಸುನೀಲ ಬ್ರೇಕು ಹಾಕಿದ. ಬೈಕು ಅಡ್ಡಕ್ಕೆ ಜಾರಿತು. ಲಕ್ಷ್ಮಿ ಮಣ್ಣಿಗೆ ಬಿದ್ದಳು, ಸುನೀಲ ಡಾಂಬರಿನ ಮೇಲೆ ಉಜ್ಜಿಕೊಂಡು ಹೋದ. ಮಗುವಿನ ಬೆನ್ನು ಹೋಗಿ ಬಡಿದದ್ದು ರಸ್ತೆಯಂಚಿನ ಕಲ್ಲಿಗೆ.

ಮೈಸೂರಿನ ಆಸ್ಪತ್ರೆಯಲ್ಲಿ, ತಮ್ಮ ರೋಗಿಯನ್ನು ಕಾಯುತ್ತ ಕೂತಿದ್ದ ಯಾರೋ ಒಬ್ಬರು ಅಂಕಯ್ಯನಿಗೆ ದಾರಿ ಹೇಳಿಕೊಟ್ಟರು. ಹಂದಿ ಅಡ್ಡ ಬಂತು ಅಂತ ಪೊಲೀಸರಿಗೆ ಬರೆಸಿದರೆ ಹಂದಿಯ ಮೇಲೆ ಕೇಸು ಹಾಕುತ್ತೀರಾ? ಬೈಕಿಗೆ ಇನ್ಶೂರೆನ್ಸ್ ಇದೆ, ಹಿಂದೆ ಕೂತವರಿಗೂ ಬರುತ್ತದೆ. ಆದರೆ ಓಡಿಸಿದವನದು ತಪ್ಪು ಅಂತ ಆಗಬೇಕು. ತಪ್ಪು ಯಾರದೂ ಅಲ್ಲ ಅಂದರೆ ಪರಿಹಾರ ಯಾರೂ ಕೊಡುವುದಿಲ್ಲ.

ಅಂಕಯ್ಯನಿಗೆ ಮಗನ ಮೇಲೆ ದೂರು ಕೊಡಲು ಮನಸ್ಸಾಗಲಿಲ್ಲ. ಮೊಣಕೈಗೆ ಪಟ್ಟಿ ಸುತ್ತಿಸಿಕೊಂಡು ಬಂದ ಸುನೀಲನೇ, ಮಗಳು ಮಲಗಿದ್ದ ಕೋಣೆಯ ಬಾಗಿಲನ್ನು ಒಮ್ಮೆ ನೋಡಿ, “ಬರ್ಸಪ್ಪ. ನಾನು ಜೋರಾಗಿ ಬಂದೆ ಅಂತ್ಲೇ ಬರ್ಸು,” ಎಂದ. ತಂದೆ ಮಗನ ಮೇಲೆ ದೂರು ಕೊಟ್ಟ. ಬರೆದದ್ದನ್ನು ಪೊಲೀಸಿನವನು ಓದಿ ಹೇಳಿದಾಗ ಮುದುಕ ಸಹಿ ಹಾಕುವ ಮೊದಲು ಕಣ್ಣು ಒರೆಸಿಕೊಂಡನಂತೆ. ಸುನೀಲ ಮುಂದೆ ಮ್ಯಾಜಿಸ್ಟ್ರೇಟರ ಎದುರು ಅದನ್ನೇ ಒಪ್ಪಿಕೊಂಡು ದಂಡ ಕಟ್ಟಿದ. ಮನೆ ಮನೆಗೆ ಹೋಗಿ ಟೈಲ್ಸ್ ಹಾಕುವವನು. ಲೈಸೆನ್ಸ್ ಹೋದ ಮೇಲೆ ಕಟಿಂಗ್ ಮೆಷಿನ್ನನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿನಲ್ಲಿ ಕೆಲಸಕ್ಕೆ ಹೋಗತೊಡಗಿದ. ಆಮೇಲೆ ಮಗುವಿನ ಪರವಾಗಿ ಲಕ್ಷ್ಮಿ ಪರಿಹಾರದ ಅರ್ಜಿ ಹಾಕಿದಳು. ಗಂಡನೇ ಎದುರುದಾರ ಎಂಬ ಕಾಗದವನ್ನು ಕೋರ್ಟಿನ ಅಮೀನ ಮನೆಗೆ ತಂದಾಗ, ಸಹಿ ಹಾಕಲು ಗಂಡನಿಗೆ ಪೆನ್ನು ಹುಡುಕಿಕೊಟ್ಟವಳೂ ಅವಳೇ.

ಕೋರ್ಟಿನ ಒಳಗೆ ಫ್ಯಾನು ಜೋರಾಗಿ ತಿರುಗುತ್ತಿತ್ತು. ಅಂಕಯ್ಯನನ್ನೂ ಮಗುವನ್ನೂ ವರಾಂಡದ ಬೆಂಚಿನ ಮೇಲೆ ಕೂರಿಸಿ, “ನಿಮ್ಮದು ಮುಗಿದ ಮೇಲೆ ಮಗೂನ ಒಳಗೆ ಕರೆಸ್ತೀನಿ, ಸಾಹೇಬರು ಒಂದ್ಸಲ ಕಣ್ಣಾರೆ ನೋಡ್ಲಿ,” ಎಂದು ವಿರೂಪಾಕ್ಷ ಹೇಳಿದ್ದರು. ಲಕ್ಷ್ಮಿ ಕಟಕಟೆಯಲ್ಲಿ ನಿಂತು, ಸತ್ಯವನ್ನೇ ಹೇಳುತ್ತೇನೆ ಎಂದು ಜವಾನ ಹೇಳಿಕೊಟ್ಟ ಹಾಗೆ ಹೇಳಿದಳು.

ಕಂಪನಿಯ ಪರವಾಗಿ ಎದ್ದು ನಿಂತದ್ದು ಮೈಸೂರಿನಿಂದ ಬಂದಿದ್ದ ಒಬ್ಬ ಹೆಂಗಸು. ಗದರಿಸುತ್ತಾರೆ ಎಂದು ಲಕ್ಷ್ಮಿ ಅಂದುಕೊಂಡಿದ್ದಳು. ಆಕೆಯ ದನಿ ಅಕ್ಕನ ದನಿಯಷ್ಟು ಮೆತ್ತಗಿತ್ತು.

“ನಿಮ್ಮ ಯಜಮಾನರು ಯಾವಾಗಿಂದ ಬೈಕ್ ಓಡಿಸ್ತಾರಮ್ಮ?”

“ಮದ್ವೆಗೆ ಮುಂಚಿಂದ.”

“ಇದಕ್ಕೂ ಮೊದಲು ಯಾವತ್ತಾದ್ರೂ ಬಿದ್ದಿದ್ರಾ?”

“ಇಲ್ಲ.”

“ಹಾಗಾದ್ರೆ ಹುಷಾರಾಗಿ ಓಡಿಸೋರು.”

ವಿರೂಪಾಕ್ಷರ ಪೆನ್ನು ನಿಂತದ್ದು ಲಕ್ಷ್ಮಿಗೆ ಕಾಣಿಸಿತು. “ಇಲ್ಲ,” ಎಂದಳು. “ಯಾವಾಗ್ಲೂ ಜೋರೇ. ನಾನು ಎಷ್ಟೇಳಿದ್ರೂ ಕೇಳ್ತಿರ್ಲಿಲ್ಲ.”

“ಆಸ್ಪತ್ರೆಗೆ ಸೇರಿಸಿದ ರಾತ್ರಿ, ಕಾಡುಹಂದಿ ಅಡ್ಡ ಬಂದು ಬಿದ್ದೆವು ಅಂತ ಡಾಕ್ಟರ ಹತ್ತಿರ ಹೇಳಿದೀರಿ. ಇಲ್ಲಿ ಬರೆದಿದಾರೆ.”

“ನಾನೇಳಿಲ್ಲ. ನಂಗೆ ಗ್ಯಾನ ಇರ್ಲಿಲ್ಲ.”

ಹೇಳಿದ್ದಳು. ಆ ರಾತ್ರಿ ಕಂಡ ಕಂಡ ಡಾಕ್ಟರ ಕೈ ಹಿಡಿದು, ಹಂದಿ ಬಂತು ಸಾ, ನಮ್ಮೆಜಮಾನ್ರದ್ದು ಏನೂ ತಪ್ಪಿಲ್ಲ ಸಾ ಎಂದು ಹೇಳಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು.

“ನೋಡಿಯಮ್ಮ,” ಎಂದರು ಆಕೆ ಇನ್ನೂ ಮೆತ್ತಗೆ. “ನಿಮ್ಮ ಯಜಮಾನರು ನಿಧಾನವಾಗೇ ಬರ್ತಿದ್ರು. ಹಂದಿ, ಅದರ ಮರಿಗಳು ರಸ್ತೆಗೆ ಬಂದವು. ಅವರು ಬ್ರೇಕ್ ಹಾಕಿದ್ರು. ಅವರ ಕೈಲಿ ಆಗೋದನ್ನೆಲ್ಲ ಮಾಡಿದ್ರು. ಇದರಲ್ಲಿ ಅವರ ತಪ್ಪು ಏನೂ ಇರಲಿಲ್ಲ. ಸರಿ ತಾನೇ?”

ಹಾಗೆ ಅಷ್ಟು ಕ್ರಮವಾಗಿ, ಅಷ್ಟು ಕರುಣೆಯಿಂದ ಆ ಸಂಜೆಯನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಲೇ ಇರಲಿಲ್ಲ. ಲಕ್ಷ್ಮಿಗೆ ಅಳು ಒತ್ತಿಕೊಂಡು ಬಂತು. ಕಟಕಟೆಯ ಮರ ಹಿಡಿದುಕೊಂಡಳು.

“ಸುಳ್ಳು,” ಎಂದಳು.

“ಏನು ಸುಳ್ಳು?”

“ನೀವೇಳ್ತಿರೋದೆಲ್ಲ ಸುಳ್ಳು. ಅಂದಿಯೂ ಇರ್ಲಿಲ್ಲ, ಎಂತದೂ ಇರ್ಲಿಲ್ಲ. ಅವರೇ ಮಾಡಿದ್ದು. ನಿಧಾನ್ಕೆ ಓಗಿ, ಮಗ ಅದೆ ಅಂತ ಬಡ್ಕಂಡೆ. ಕೇಳ್ನಿಲ್ಲ. ನನ್ ಮಗೀನ ಇಂಗ್ ಮಾಡಿದ್ದು ಅವರೇ.”

ಯಾರೂ ಕೇಳದ ಮಾತುಗಳೂ ಬಂದವು. ಕೇಳುವುದು ಇನ್ನೇನೂ ಇಲ್ಲವೆಂದು ಆ ಹೆಂಗಸು ಕೂತ ಮೇಲೂ ಲಕ್ಷ್ಮಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಬಿಕ್ಕುತ್ತಿದ್ದಳು. ನ್ಯಾಯಾಧೀಶರು ನೀರು ಕೊಡಲು ಹೇಳಿದರು. ನೀರಿನ ಲೋಟಕ್ಕೆ ತಿರುಗಿದಾಗ, ಬಾಗಿಲ ಒಳಗೆ, ಗೋಡೆಗೆ ಒರಗಿ ನಿಂತ ಅಂಕಯ್ಯ ಕಾಣಿಸಿದ. ಪ್ರಮಾಣ ಮಾಡಿಸುವ ಮೊದಲೇ ಜವಾನ ಅವರನ್ನು ಒಳಗೆ ಕರೆದಿದ್ದ. ಮುದುಕ ನೆಲ ನೋಡುತ್ತಿದ್ದ. ಅವನ ತೋಳಿನಲ್ಲಿದ್ದ ಸಂಘಮಿತ್ರ ಅಮ್ಮನನ್ನೇ ನೋಡುತ್ತಿದ್ದಳು.

“ನಿನ್ನ ಹೆಸರೇನಮ್ಮ?” ಎಂದರು ನ್ಯಾಯಾಧೀಶರು ಮಗುವಿಗೆ.

“ಸಂಘಮಿತ್ರ.”

“ಸ್ಕೂಲಿಗೆ ಹೋಗ್ತೀಯಾ?”

“ಮುಂಚೆ ಹೋಗ್ತಿದ್ದೆ,” ಎಂದಳು ಹುಡುಗಿ.

ಗೇಟಿನ ಹೊರಗೆ ಸುನೀಲ ಕಾಗದದಲ್ಲಿ ಬೋಂಡ ಕಟ್ಟಿಸಿಕೊಂಡು ನಿಂತಿದ್ದ. ಅಂಕಯ್ಯನ ಉಸಿರು ಏರಿದ್ದನ್ನು ದೂರದಿಂದಲೇ ಕಂಡು ಓಡಿಬಂದು ಕೈ ಚಾಚಿದ. “ಬಾ ಮಗಳೆ.”

ಸಂಘಮಿತ್ರ ತಾತನ ಹೆಗಲಿಗೆ ಮುಖ ಒತ್ತಿಕೊಂಡಳು. “ಬೇಡ. ತಾತನೇ ಎತ್ಕೊಳ್ಳಿ.”

“ತಾತಂಗೆ ಆಯಾಸ ಆಗದೆ ಕಣವ್ವ.”

“ಬೇಡ ಅಂದ್ನಲ್ಲ.”

ಕೋರ್ಟು ನೋಡಿ ಹೆದರಿದ್ದಾಳೆ ಎಂದು ಸುನೀಲ ಅಂದುಕೊಂಡ. ಮಾತಾಡಿ ಗೊತ್ತು ಮಾಡಿಕೊಂಡಿದ್ದ ಆಟೋದಲ್ಲಿ ಅಂಕಯ್ಯನ ತೊಡೆಯ ಮೇಲೆ ಮಗು, ಪಕ್ಕದಲ್ಲಿ ಲಕ್ಷ್ಮಿ. ಸುನೀಲ ಮುಂದೆ ಡ್ರೈವರಿನ ಪಕ್ಕಕ್ಕೆ ಅರ್ಧ ಕುಂಡಿ ಊರಿ ಕೂತ. ಆಟೋ ಬಿಳಿಕೆರೆ ಹತ್ತಿರ ಬಂತು. ಆಗ ಹಿಂದಿನಿಂದ ಸಂಘಮಿತ್ರ ಕೇಳಿದಳು:

“ಅಪ್ಪ, ಹಂದಿ ಮರಿ ಎಷ್ಟಿದ್ವು?”

ಆಸ್ಪತ್ರೆಯಲ್ಲಿ ಮೊದಮೊದಲು ಆ ಕಥೆಯನ್ನು ಅವನೇ ಅವಳಿಗೆ ಹೇಳುತ್ತಿದ್ದ. ಬಿದ್ದದ್ದು ಅವಳಿಗೆ ನೆನಪಿರಲಿಲ್ಲ. ಅಮ್ಮ ಅಂದಿ ಮುಂದೆ, ಮರಿಗಳೆಲ್ಲ ಹಿಂದೆ ಸಾಲಾಗಿ. ಮರಿಗೇನೂ ಆಗ್ಲಿಲ್ವಾ ಅಪ್ಪ? ಏನೂ ಆಗ್ಲಿಲ್ಲ, ಎಲ್ಲಾ ಓಡೋದೊ. ನೋವಿಗೆ ನಿದ್ದೆ ಬರದಿದ್ದಾಗ ಅವಳು ಅದನ್ನೇ ಕೇಳಿ ಹೇಳಿಸಿಕೊಳ್ಳುತ್ತಿದ್ದಳು. ವಕೀಲರು ಎಚ್ಚರಿಕೆ ಕೊಟ್ಟ ಮೇಲೆ ಅದು ನಿಂತುಹೋಗಿತ್ತು.

ಸುನೀಲ ಆಟೋ ಡ್ರೈವರಿನ ಕಡೆ ನೋಡಿದ. ಅವನು ಹುಣಸೂರಿನವನು; ಕೋರ್ಟಿನ ಮುಂದೆಯೇ ಗಾಡಿ ನಿಲ್ಲಿಸುವವನು.

“ಯಾವ ಅಂದಿ ಮಗ?” ಎಂದ ಸುನೀಲ. “ಅಂದಿಗಿಂದಿ ಏನೂ ಇರ್ಲಿಲ್ಲ. ಸುಮ್ಕೆ ಕೂತ್ಕೊ.”

ಲಕ್ಷ್ಮಿ ಕಣ್ಣು ಮುಚ್ಚಿಕೊಂಡಳು.

ಮನೆಯ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಲಕ್ಷ್ಮಿ ಗಂಡನಿಗೆ ಎಲ್ಲವನ್ನೂ ಹೇಳಿದಳು. ಮಗು ಒಳಗಿತ್ತು ಎಂದು ತನಗೆ ಗೊತ್ತಿರಲಿಲ್ಲ ಎಂದಳು. ಸುನೀಲ ಕಲ್ಲಿನ ಮೇಲೆ ಕೂತ. ತನ್ನ ಅಂಗೈಯನ್ನೇ ನೋಡಿಕೊಂಡ. ಸಿಮೆಂಟು ತಿಂದು ಬಿರುಕುಬಿಟ್ಟ ಅಂಗೈ.

“ಚೆನ್ನಾಗಿ ಏಳ್ದ್ಯಾ?” ಎಂದ.

“ಊಂ.”

“ಜಡ್ಜು ನಂಬುದ್ರಾ?”

“ನಂಬ್ದಂಗೆ ಕಾಣ್ತು.”

“ಸರಿ ಬುಡು ಮತ್ತೆ. ಆಗ್ಬೇಕಾದ್ದು ಅದೇಯ.”

“ನಾನು ಈಗ್ಲೇ ಓಗಿ ಅವಳ್ಗೆ ನಿಜ ಏಳ್ಬುಡ್ತೀನಿ ಕಣ್ರೀ.”

“ಬ್ಯಾಡ,” ಎಂದ ಸುನೀಲ. “ಅವಳು ಸಣ್ ಮಗ. ಪಕ್ಕದ್ಮನೆ ಮಕ್ಳತ್ರ ಆಡ್ತಾಳೆ. ಒಬ್ರಿಂದೊಬ್ರಿಗೆ ಓಯ್ತದೆ. ತೀರ್ಪು ಆಗ್ಲಿ, ಆಮ್ಯಾಲೆ ನೋಡವ.”

ತೀರ್ಪು ಬೇಗ ಆಗಲಿಲ್ಲ. ಒಂದು ತಾರೀಕು ಇನ್ನೊಂದು ತಾರೀಕಿಗೆ ಹೋಯಿತು. ಡಾಕ್ಟರ ಸಾಕ್ಷಿಯ ದಿನ ಲಕ್ಷ್ಮಿ ಒಬ್ಬಳೇ ಹೋಗಿದ್ದಳು. ಈ ಹುಡುಗಿ ಮುಂದೆ ನಡೆಯುವ ಸಾಧ್ಯತೆ ಇಲ್ಲ ಎಂದು ಡಾಕ್ಟರು ಹೇಳಿದರು. ಅದು ಲಕ್ಷ್ಮಿಗೆ ಮೊದಲೇ ತಿಳಿದಿತ್ತು. ಮಗಳಿಗೆ ಮಾತ್ರ, ದೊಡ್ಡೋಳಾಗೋ ಹೊತ್ತಿಗೆ ನಡೀತೀಯ ಅಂತ ಡಾಕ್ಟ್ರು ಅಂದವ್ರೆ ಎಂದು ಅವಳೇ ಹೇಳಿದ್ದಳು. ಆ ಮಾತಿನ ಮೇಲೆ ಸಂಘಮಿತ್ರ ದಿನಾ ಬೆಳಿಗ್ಗೆ ಹಲ್ಲು ಕಚ್ಚಿಕೊಂಡು, ಮೇಲಿನಿಂದ ಇಳಿಬಿಟ್ಟ ಹಗ್ಗ ಹಿಡಿದು ಎದ್ದು ಕೂರುವ ವ್ಯಾಯಾಮ ಮಾಡುತ್ತಿದ್ದಳು. ಅಜ್ಜಿ ಮರಮ್ಮ ಕಾಲು ನೀವುವಾಗ, “ಈಗ ಸ್ವಲ್ಪ ಗೊತ್ತಾಯ್ತು ಅಜ್ಜಿ,” ಎನ್ನುತ್ತಿದ್ದಳು. “ಗೊತ್ತಾಯ್ತದೆ ಕಣವ್ವ, ಗೊತ್ತಾಗ್ದೆ ಏನು,” ಎಂದು ಮರಮ್ಮ ಮುಖ ಆಚೆ ತಿರುಗಿಸುತ್ತಿದ್ದಳು.

ಅಪ್ಪನ ಹತ್ತಿರ ಅವಳು ಜಗಳ ಮಾಡಲಿಲ್ಲ. ಮಾತನ್ನೇ ಬಿಟ್ಟಳು. ಮೊದಲು ಸಂಜೆ ಅವನು ಬಸ್ಸಿಳಿದು ಬರುವ ಹೊತ್ತಿಗೆ ಜಗುಲಿಯ ಮೇಲೆ ತನ್ನನ್ನು ಕೂರಿಸಿ ಎಂದು ಹಟ ಹಿಡಿಯುತ್ತಿದ್ದವಳು, ಈಗ ಒಳಗೆ ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದಳು. ಬೇರೆ ಯಾರೂ ಇಲ್ಲದಾಗ ಅವನೇ ಎತ್ತಬೇಕಾಗಿ ಬಂದರೆ ಮೈ ಸೆಟೆದುಕೊಂಡು, ಎರಡೂ ಕೈಗಳನ್ನು ತನ್ನ ಎದೆಗೇ ಒತ್ತಿಕೊಂಡುಬಿಡುತ್ತಿದ್ದಳು. ಹಿಡಿದುಕೊಳ್ಳದ ಮಗುವನ್ನು ಎತ್ತುವುದು ಎಷ್ಟು ಕಷ್ಟ ಎಂದು ಸುನೀಲನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಒಂದು ಸಲ ಅವನ ಬೆರಳು ಸೊಂಟಕ್ಕೆ ಒತ್ತಿದಾಗ ಅವಳು ಕಿರುಚಿದಳು: “ಮೆತ್ತಗೆ! ಎಲ್ಲಾದ್ರಲ್ಲೂ ಆತುರ ನಿಂಗೆ.”

ಸುನೀಲ ಅವಳನ್ನು ಮಲಗಿಸಿ, ಹೊರಗೆ ಬಂದು ಮೋರಿಯ ಹತ್ತಿರ ನಿಂತ. ಲಕ್ಷ್ಮಿ ಹಿಂದೆಯೇ ಬಂದಳು. ಅವನು ಅವಳ ಕಡೆ ತಿರುಗದೆ ಕೇಳಿದ: “ಅವತ್ತು ನಾನು ಎಷ್ಟರಲ್ಲಿ ಬತ್ತಿದ್ದೆ ಲಕ್ಷ್ಮಿ?”

“ಇದೇನು ಇಂಗೆ ಕೇಳ್ತೀರಿ? ನಿಮ್ಗೆ ಗೊತ್ತಿಲ್ವಾ?”

“ಗೊತ್ತಿತ್ತು,” ಎಂದ. “ಈಗ ಎಷ್ಟು ನೆನಸ್ಕಂಡ್ರೂ ಆ ಬೈಕಿನ ಮೀಟ್ರು ಮುಳ್ಳು ಕಣ್ಣಿಗೆ ಬರಾಕಿಲ್ಲ. ಇನ್ನೂ ವಸಿ ನಿಧಾನ್ಕೆ ಬಂದಿದ್ರೆ ಬೀಳ್ತಿರ್ನಿಲ್ವೇನೊ.”

“ಟಿವಿಎಸ್‌ನೋನು ನಮ್ಮನ್ನ ಇಂದಾಕ್ಕಂಡು ಓದ ಕಣ್ರೀ. ಮರ್ತೋಯ್ತಾ?”

“ನೀನು ಕೋರ್ಟಲ್ಲಿ ಏಳಿದ್ದೂ ನಿಜದಂಗೇ ಇತ್ತಂತೆ,” ಎಂದ ಸುನೀಲ. “ನಮ್ಮಪ್ಪ ಅಂತಿದ್ದ.”

ಹೊಲಗಳಲ್ಲಿ ಹೊಗೆಸೊಪ್ಪು ಮುರಿದು, ಸೊಪ್ಪು ಬೇಯಿಸುವ ಬ್ಯಾರನ್ನುಗಳಲ್ಲಿ ಒಲೆ ಹತ್ತಿ, ಊರೆಲ್ಲ ಬೆಂದ ಸೊಪ್ಪಿನ ವಾಸನೆ ತುಂಬಿದ್ದ ಕಾಲಕ್ಕೆ ತೀರ್ಪು ಬಂತು. ವಿರೂಪಾಕ್ಷರು ಗಂಡ ಹೆಂಡತಿ ಇಬ್ಬರನ್ನೂ ಆಫೀಸಿಗೆ ಕರೆಸಿದರು. ಕಂಪನಿಯೇ ಪರಿಹಾರ ಕೊಡಬೇಕು ಎಂದು ಆಗಿತ್ತು. ಬಹುಪಾಲು ಹಣ ಮಗಳಿಗೆ ಹದಿನೆಂಟು ತುಂಬುವವರೆಗೆ ಅವಳ ಹೆಸರಿನಲ್ಲಿ ಬ್ಯಾಂಕಿನಲ್ಲಿ. ಅದರ ಬಡ್ಡಿ ಅವಳ ಔಷಧಿಗೆ, ಆರೈಕೆಗೆ. ತಾಯಿ ಅದಕ್ಕೆ ಪಾಲಕಿ. ಅಸಲನ್ನು ಅಪ್ಪ ಅಮ್ಮ ಮುಟ್ಟುವ ಹಾಗಿಲ್ಲ, ನೆಂಟರು ಕೇಳುವ ಹಾಗಿಲ್ಲ. ನಾಳೆ ಇವರಿಬ್ಬರೂ ಇಲ್ಲದೆ ಹೋದರೂ ಹುಡುಗಿ ಯಾರ ಬಾಗಿಲಿಗೂ ಹೋಗಬೇಕಾಗಿಲ್ಲ.

“ನನ್ ಬಗ್ಗೆ ಏನ್ ಬರ್ದವ್ರೆ ಸಾ?” ಎಂದ ಸುನೀಲ.

“ಅದೆಲ್ಲ ಯಾಕೀಗ?”

“ಓದಿ ಸಾ.”

ವಿರೂಪಾಕ್ಷ ಹಾಳೆ ತಿರುವಿ, ಕನ್ನಡಕ ಸರಿಮಾಡಿಕೊಂಡು, ಇಂಗ್ಲಿಷಿನಲ್ಲಿದ್ದುದನ್ನು ಕನ್ನಡದಲ್ಲಿ ಹೇಳಿದರು. ಒಂದನೇ ಎದುರುದಾರನು ಹೆಂಡತಿಯ ಎಚ್ಚರಿಕೆಯನ್ನೂ ಲೆಕ್ಕಿಸದೆ ಅತಿವೇಗವಾಗಿ, ನಿರ್ಲಕ್ಷ್ಯದಿಂದ ವಾಹನ ಓಡಿಸಿದ್ದೇ ಅಪಘಾತಕ್ಕೆ ಕಾರಣ. ತಾಯಿಯ ಸಾಕ್ಷ್ಯವನ್ನು ನಂಬದಿರಲು ಕಾರಣವಿಲ್ಲ. ಸುನೀಲ ತಲೆಯಾಡಿಸುತ್ತ ಕೇಳಿಸಿಕೊಂಡ.

“ಇನ್ನು ಮಗೀಗೆ ಏಳ್ಬೋದಾ ಸಾ?” ಎಂದಳು ಲಕ್ಷ್ಮಿ.

“ಏನನ್ನ?”

“ಅವರಪ್ಪಂದು ತಪ್ಪಿಲ್ಲ ಅಂತ.”

ವಿರೂಪಾಕ್ಷ ಸುನೀಲನ ಕಡೆ ನೋಡಿದರು, ಆಮೇಲೆ ಅವಳ ಕಡೆ. ಕೇಸಿನ ಕಟ್ಟಿಗೆ ದಾರ ಸುತ್ತುತ್ತಿದ್ದವರು ಅದನ್ನು ಮೇಜಿನ ಮೇಲೆ ಇಟ್ಟರು. “ಕಂಪನಿಯವರು ಹೈಕೋರ್ಟಿಗೆ ಹೋಗಬಹುದು ತಾಯಿ. ಇನ್ನೂ ಸ್ವಲ್ಪ ದಿನ ತಡ್ಕೊಳ್ಳಿ,” ಎಂದರು. ಅವರ ದನಿಯಲ್ಲಿ ವಕೀಲಿಕೆ ಇರಲಿಲ್ಲ.

ಲಕ್ಷ್ಮಿ ತಡೆದುಕೊಳ್ಳಲಿಲ್ಲ. ದಸರಾ ರಜೆ ಮುಗಿದು ಶಾಲೆ ಶುರುವಾಗುವಾಗ ಹೆಡ್‌ಮೇಡಂ ಸುನಂದಮ್ಮ ತಾವೇ ಮನೆಗೆ ಬಂದು, ಮಗುವನ್ನು ಕರೆತನ್ನಿ, ಬಾಗಿಲ ಪಕ್ಕದಲ್ಲೇ ಅನುಕೂಲ ಮಾಡಿ ಕೂರಿಸಿಕೊಳ್ಳುತ್ತೇನೆ ಎಂದು ಹೇಳಿಹೋಗಿದ್ದರು. ಆಸ್ಪತ್ರೆಯವರು ಕೊಡಿಸಿದ್ದ ಗಾಲಿಕುರ್ಚಿ ಶಾಲೆಯ ಸಿಮೆಂಟು ನೆಲದ ಮೇಲಾದರೆ ಓಡುತ್ತಿತ್ತು. ಓಣಿಯ ಕಲ್ಲುಗುಂಡಿಗಳಲ್ಲಿ ಮಗುವನ್ನು ಎತ್ತಿಕೊಂಡೇ ಹೋಗಬೇಕು. ಅಂಕಯ್ಯನಿಗೆ ಅಷ್ಟು ದೂರ ಎತ್ತುವ ಶಕ್ತಿ ಉಳಿದಿರಲಿಲ್ಲ. ಎತ್ತಬಲ್ಲವನು ಸುನೀಲ ಒಬ್ಬನೇ.

“ತಾತ ಆದ್ರೆ ಹೋಗ್ತೀನಿ,” ಎಂದಿದ್ದಳು ಸಂಘಮಿತ್ರ. “ಇಲ್ಲಾಂದ್ರೆ ಸ್ಕೂಲೇ ಬೇಡ.”

ಆ ಸೋಮವಾರ ಬೆಳಿಗ್ಗೆ ಹೊಸ ಯೂನಿಫಾರ್ಮು ತೊಡಿಸಿ, ಮಗಳನ್ನು ಮಂಚದ ಅಂಚಿನಲ್ಲಿ ಗೋಡೆಗೆ ಒರಗಿಸಿ ಕೂರಿಸಿ ಲಕ್ಷ್ಮಿ ತಲೆ ಬಾಚುತ್ತಿದ್ದಳು. ಸುನೀಲ ಕೆಲಸಕ್ಕೆ ರಜ ಹಾಕಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಗೆ ಜಗುಲಿಯ ಮೇಲೆ ಕೂತಿದ್ದ. ಒಂದು ಕಡೆ ಜಡೆ ಹೆಣೆದು ರಿಬ್ಬನ್ನು ಮಡಚಿ ಕಟ್ಟಿದ ಮೇಲೆ ಲಕ್ಷ್ಮಿ ಬಾಚಣಿಗೆ ಕೆಳಗಿಟ್ಟು ಮಗಳ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತಳು.

“ಮಿತ್ರ, ನಿಂಗೊಂದು ಮಾತು ಏಳ್ತೀನಿ. ಯಾರತ್ರನೂ ಆಡಬ್ಯಾಡ. ಅವತ್ತು ಕೋರ್ಟಲ್ಲಿ ನಾನು ಏಳಿದ್ದು ಸುಳ್ಳು. ನಿಮ್ಮಪ್ಪ ಜೋರಾಗಿ ಓಡುಸ್ನಿಲ್ಲ. ಅಂದಿ ಬಂದಿದ್ದೇ ನಿಜ. ಮರಿಗಳೂ ಇದ್ದೊ. ನಿನ್ ಔಸ್ತಿಗೆ, ನಿನ್ ಮುಂದಕ್ಕೆ ಕಾಸು ಬರ್ಬೇಕಿತ್ತು. ಅದ್ಕೇ ಅಂಗೇಳ್ದೆ.”

ಸಂಘಮಿತ್ರ ಅಮ್ಮನ ಮುಖ ನೋಡಿದಳು.

“ಸತ್ಯಾನೇ ಹೇಳ್ತೀನಿ ಅಂತ ಅಂದೆ ಅಲ್ವಾ? ಅಳ್ತಾನೂ ಇದ್ದೆ.”

“ಅಂದೆ. ಆದ್ರೂ ಸುಳ್ಳೇಳ್ದೆ.”

“ಅಪ್ಪನೂ ಹಂದಿ ಇರ್ಲಿಲ್ಲ ಅಂತು. ಆಟೋದಲ್ಲಿ.”

“ಅಪ್ಪನೂ ಸುಳ್ಳೇಳ್ತು. ಡ್ರೈವರು ಇದ್ದ ಅಂತ. ನಾವಿಬ್ರೂ ನಿಂಗೋಸ್ಕರನೇ ಕಣೆ...”

ಹುಡುಗಿಯ ಮುಖದಲ್ಲಿ ಏನೋ ನಿಧಾನವಾಗಿ ಬದಲಾಯಿತು. ಅವಳು ಮಡಿಲಿನ ಕಡೆ, ಬಿಳಿ ಸಾಕ್ಸು ತೊಡಿಸಿದ ತನ್ನ ಪಾದಗಳ ಕಡೆ ನೋಡಿಕೊಂಡಳು. ಕಣ್ಣೆತ್ತಿದಾಗ ದನಿ ಸಣ್ಣದಾಗಿತ್ತು.

“ಹಾಗಾದ್ರೆ ನಾನು ನಡೀತೀನಿ ಅಂತ ಡಾಕ್ಟ್ರು ಅಂದ್ರು ಅಂದಿದ್ದು?”

ಲಕ್ಷ್ಮಿ ಬಾಯಿ ತೆರೆದಳು. ಅದು ನಿಜವೇ ಎನ್ನುವುದು ಅವಳ ನಾಲಿಗೆಯ ಮೇಲೇ ಇತ್ತು. ಆದರೆ ಈಗಷ್ಟೇ ತನ್ನ ಬಾಯಿಂದ ಬಂದದ್ದರ ಮುಂದೆ ಅದು ನಿಲ್ಲುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು. ಮಗಳು ಕಾಯುತ್ತಿದ್ದಳು.

“ನಿಮ್ಮಮ್ಮ ಸುಳ್ಳೇಳಾಕಿಲ್ಲ ಕಣವ್ವ.”

ಸುನೀಲ ಬಾಗಿಲಲ್ಲಿ ನಿಂತಿದ್ದ. ಯಾವಾಗ ಬಂದನೋ ಇಬ್ಬರಿಗೂ ತಿಳಿದಿರಲಿಲ್ಲ. ಒಳಗೆ ಬಂದು ಹೆಂಡತಿಯ ಪಕ್ಕದಲ್ಲಿ, ಮಗಳ ಮುಂದೆ ನೆಲದ ಮೇಲೆ ಕೂತ.

“ಅಂದಿಯೂ ಇರ್ನಿಲ್ಲ, ಮರಿಯೂ ಇರ್ನಿಲ್ಲ. ನಾನೇ ಜೋರಾಗಿ ಓಡುಸ್ದೆ. ಆಸ್ಪತ್ರೇಲಿ ನಿಂಗೆ ಬೇಜಾರಾಗ್ತದೆ ಅಂತ ಕತೆ ಕಟ್ಟಿದ್ದೆ. ನಿಮ್ಮಮ್ಮ ನಿಧಾನ್ಕೆ ಓಗಿ ಅಂತ ಬಡ್ಕಂಡ್ಲು. ನಾನು ಕೇಳ್ನಿಲ್ಲ.”

“ರೀ...” ಎಂದಳು ಲಕ್ಷ್ಮಿ.

ಅವನು ಅವಳ ಕಡೆ ನೋಡಲಿಲ್ಲ. “ನಂಗೂ ನಿಂಗೂ ರಾಜಿಯಾಗ್ಲಿ ಅಂತ ಇವತ್ತು ಅವಳು ಇಂಗಂತಾವ್ಳೆ. ಕೋರ್ಟಲ್ಲಿ ಏಳಿದ್ದೇ ನಿಜ. ಜಡ್ಜೇ ಬರ್ದವ್ರೆ, ತಾಯಿ ಏಳಿದ್ದು ನಿಜ ಅಂತ. ಲಾಯರು ನಂಗೆ ಓದೇಳುದ್ರು.”

“ನಡಿಯೋದು?”

“ಅದು ಡಾಕ್ಟ್ರು ಏಳಿದ್ದು. ನಿಮ್ಮಮ್ಮ ಕೇಳುಸ್ಕಂಡು ಬಂದು ನಿಂಗೇಳುದ್ಲು. ನಿಮ್ಮಮ್ಮ ಯಾವತ್ತಾದ್ರೂ ಸುಳ್ಳೇಳಿದ್ದು ನೀನು ಕಂಡಿದ್ದೀಯಾ?”

ಸಂಘಮಿತ್ರ ಯೋಚಿಸಿದಳು. ಇಲ್ಲವೆಂದು ತಲೆಯಾಡಿಸಿದಳು. ಒಂದೇ ಕಡೆ ಕಟ್ಟಿದ್ದ ಜಡೆ ಅತ್ತಿತ್ತ ಹೊರಳಿತು. ಓಣಿಯಲ್ಲಿ ಮಕ್ಕಳು ಚೀಲ ಕುಲುಕಿಸಿಕೊಂಡು ಶಾಲೆಗೆ ಓಡುವ ಸದ್ದು ಕೇಳಿಸಿತು. ಅವಳು ಅದು ಹೋಗಿಬಿಡುವವರೆಗೆ ಕಿವಿಗೊಟ್ಟು, ಆಮೇಲೆ ಅಪ್ಪನ ಮುಖ ನೋಡಿದಳು. ಕೋರ್ಟಿನಿಂದ ಬಂದ ಮೇಲೆ ಅವಳು ಅವನನ್ನು ನೆಟ್ಟಗೆ ನೋಡಿದ್ದು ಅದೇ ಮೊದಲು.

“ತಪ್ಪಾಯ್ತು ಅನ್ನು.”

“ತಪ್ಪಾಯ್ತು ಮಗಳೆ,” ಎಂದ ಸುನೀಲ.

“ಅವತ್ತೇ ಅನ್ಬೇಕಾಗಿತ್ತು.”

“ಅನ್ಬೇಕಾಗಿತ್ತು.”

ಅವಳು ಎರಡೂ ಕೈಗಳನ್ನು ಮುಂದಕ್ಕೆ ಚಾಚಿದಳು. ಸುನೀಲ ಮಂಡಿಯೂರಿ ಎದ್ದು, ಒಂದು ತೋಳನ್ನು ಬೆನ್ನಿಗೆ, ಇನ್ನೊಂದನ್ನು ಮಂಡಿಗಳ ಕೆಳಗೆ ತೂರಿಸಿ ಅವಳನ್ನು ಎತ್ತಿಕೊಂಡ. ಅವಳ ಕೈಗಳು ಅವನ ಕೊರಳನ್ನು ಸುತ್ತಿಕೊಂಡವು. ಅವನು ಒಂದು ಗಳಿಗೆ ಹಾಗೇ ನಿಂತಿದ್ದು, ಆಮೇಲೆ ತಲೆ ತಗ್ಗಿಸಿ ಹೊಸ್ತಿಲು ದಾಟಿದ.

ಲಕ್ಷ್ಮಿ ಎದ್ದು ಬಾಗಿಲಿಗೆ ಬಂದಳು. ಇನ್ನೊಂದು ಜಡೆ ಹೆಣೆದಿರಲಿಲ್ಲ. ಕೂಗಬೇಕೆಂದು ರಿಬ್ಬನ್ನು ಹಿಡಿದ ಕೈಯನ್ನು ಮೇಲೆತ್ತಿದಳು, ಕೂಗಲಿಲ್ಲ. ಅವರು ಆಗಲೇ ಓಣಿಯ ನಡುವೆ ಹೋಗಿದ್ದರು. ಸುನೀಲ ಒಂದೊಂದೇ ಕಲ್ಲನ್ನು ನೋಡಿ ನೋಡಿ, ಬಹಳ ನಿಧಾನವಾಗಿ ಹೆಜ್ಜೆ ಇಡುತ್ತಿದ್ದ. ಮಗಳು ಅವನ ಕಿವಿಯ ಹತ್ತಿರ ಏನೋ ಕೇಳುತ್ತಿದ್ದಳು, ಅವನು ತಲೆಯಾಡಿಸುತ್ತಿದ್ದ. ಕಟ್ಟದೆ ಉಳಿದಿದ್ದ ಅವಳ ಅರ್ಧ ಕೂದಲು ಇಸ್ತ್ರಿ ಅಂಗಿಯ ಬೆನ್ನ ಮೇಲೆ ಬಿಚ್ಚಿಕೊಂಡು ಗಾಳಿಗೆ ಹಾರುತ್ತಿತ್ತು.